ಆಕರ್ಷನ ಹೆಸರಲ್ಲಿ ಬಂದವನು

"ಆಕರ್ಷಾ! ಬಂದ್ಯೇನೋ ಮಗನೇ!"

ಬಾಗಿಲಲ್ಲಿ ನಿಂತಿದ್ದ ಅಪರಿಚಿತನ ಎರಡೂ ಕೈಗಳನ್ನು ವೇದಾವತಮ್ಮ ಹಿಡಿದುಕೊಂಡುಬಿಟ್ಟಿದ್ದರು.

ಮಗಳು ಶ್ರೀಲಕ್ಷ್ಮಿ ಒಳಗಿನಿಂದ ಓಡಿಬಂದಳು. ಅವಳ ಅಣ್ಣ ಆಕರ್ಷ ಸಮುದ್ರದ ಪಾಲಾಗಿ ಆರು ವರ್ಷವಾಗಿತ್ತು...

ಬಂದವನು ಚೇತನ್‌ಕುಮಾರ್, ಹಾರಂಗಿ ಕಡೆಯ ಹುಡುಗ. ಆಕರ್ಷ ಅರ್ಧಕ್ಕೆ ಬಿಟ್ಟುಹೋದ ಕಡಲ ಜೀವಶಾಸ್ತ್ರವನ್ನೇ ಮಂಗಳೂರಿನಲ್ಲಿ ಓದುತ್ತಿದ್ದ. ಅವಳ ಅಪ್ಪ ಗಜಾನನ ರಾಯರು ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಹಾಕಿ ಮಗನ ಹೆಸರಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟಿದ್ದರು. ಎರಡು ವರ್ಷ ಬರುವ ಆ ಹಣ ಆ ಸಲ ಇವನಿಗೆ ಸಿಕ್ಕಿತ್ತು. ಕೃತಜ್ಞತೆ ಹೇಳಲು ಬಂದಿದ್ದ, ಅಷ್ಟೇ.

"ಯಾಕೋ ಇಷ್ಟು ಸೊರಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ?"

ಅವನು ಒಂದು ಕ್ಷಣ ತಡವರಿಸಿದ. "ಮಾಡ್ತೀನಮ್ಮ..."

ಎಷ್ಟು ಧೈರ್ಯ ಇವನಿಗೆ! ಹೊರಡುವಾಗ ಶ್ರೀಲಕ್ಷ್ಮಿ ಅಂಗಳದಲ್ಲೇ ತಡೆದಳು.

"ಅಮ್ಮನಿಗೆ ನೆನಪು ನಿಲ್ಲಲ್ಲ. ನಿಮಗೇನಾಗಿತ್ತು? ಯಾಕೆ ಸುಳ್ಳು ಹೇಳಿದ್ರಿ?"

"ಊಟ ಮಾಡ್ತೀಯಾ ಅಂತ ಕೇಳಿದ್ರು ಕಣ್ರೀ... ನಿಮ್ಮ ಮಗ ಇಲ್ಲ ಅನ್ನೋಕೆ ನನ್ನ ಕೈಲಾಗ್ಲಿಲ್ಲ."

ಅವಳು ದಾರಿ ಬಿಟ್ಟಳು. ನಿಜ ಹೇಳಿದಾಗಲೆಲ್ಲ ಅಮ್ಮ ಅಂದೇ ಸುದ್ದಿ ಕೇಳಿದವರಂತೆ ಅತ್ತಿದ್ದರು.

ಆಮೇಲೆ ಚೇತನ್ ತಿಂಗಳಿಗೊಂದು ಭಾನುವಾರ ಬರತೊಡಗಿದ. ಅಮ್ಮ ಅಕ್ಕಿರೊಟ್ಟಿ ಬಡಿಸುವರು. ಅವನು ರಾಯರಿಗೆ ಆಮೆಗಳು ಮೊಟ್ಟೆಯಿಡಲು ಬರುವ ದಡಗಳ ಕಥೆ ಹೇಳುವನು. ಅಣ್ಣ ಹೋದಮೇಲೆ ಯಾರೂ ಸಮುದ್ರದ ಮಾತೆತ್ತದ ಮನೆಯಲ್ಲಿ, ಅಪ್ಪ ಮತ್ತೆ ಪ್ರಶ್ನೆ ಕೇಳುತ್ತಿದ್ದರು! ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ಶ್ರೀಲಕ್ಷ್ಮಿ, ಯಾವಾಗಿನಿಂದಲೋ ಭಾನುವಾರಕ್ಕೆ ಕಾಯತೊಡಗಿದ್ದಳು.

ಛೇ! ಅಮ್ಮ ಮಗ ಅನ್ನೋವನನ್ನ... ನಾನು ಹೀಗೆ...?

ಆ ಹೆದರಿಕೆಯೇ ಅವಳನ್ನು ಒರಟಾಗಿಸಿತು. ಅವನ ಓದು ಮುಗಿದ ತಿಂಗಳು ಕೇಳಿಯೇಬಿಟ್ಟಳು.

"ಹಣ ಬರೋದೂ ನಿಂತಿತಲ್ಲ. ಇನ್ನೂ ಯಾಕೆ ಈ ನಾಟಕ?"

ಅವನ ಮುಖ ಬಿಳಿಚಿತು. ಚಪ್ಪಲಿ ಮೆಟ್ಟಿ ಹೊರಟುಹೋದ.

ಎರಡು ತಿಂಗಳು ಬರಲಿಲ್ಲ. ಅಮ್ಮ ತಟ್ಟೆ ದೂಡಿ ಬಾಗಿಲು ನೋಡುತ್ತ ಕೂತರು. "ಮಗು ಬರ್ಲಿ, ಆಮೇಲೆ ಉಣ್ತೀನಿ."

ಅಪ್ಪ ಅವಳನ್ನು ಹತ್ತಿರ ಕರೆದರು. "ಏನಂದೆ ಅವನಿಗೆ?"

ಹೇಳಿದಳು.

"ಎರಡನೇ ವರ್ಷದ ಹಣ ಅವನು ಮುಟ್ಟಿಲ್ಲ ಕಣೇ. 'ಅಮ್ಮ ಅಂತ ಕರೆಯೋಕೆ ಕೂಲಿ ತಗೊಂಡಂಗಾಯ್ತದೆ ಸಾರ್, ಇನ್ನೊಬ್ರಿಗೆ ಕೊಡಿ' ಅಂದ. ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ದುಡಿದು ಓದಿದ. ನಿಂಗೆ ಹೇಳ್ಬೇಡಿ ಅಂದಿದ್ದ."

ಶ್ರೀಲಕ್ಷ್ಮಿ ಚೇತನ್‌ಗೆ ಫೋನ್ ಮಾಡಿದಳು. ಒಂದೇ ಮಾತು ಹೇಳಲಾಯಿತು. "ಬನ್ನಿ..."

ಅವನು ಬಂದ. ಅಮ್ಮ ಅವನ ತಲೆ ಸವರಿ ಉಂಡರು. ಉಣ್ಣುತ್ತಲೇ ನಕ್ಕರು.

"ಲಕ್ಷ್ಮೀ, ನಿಮ್ಮಣ್ಣಂಗೊಂದು ಹೆಣ್ಣು ನೋಡ್ಬೇಕು ಕಣೇ. ನಿಂಗೆ ಒಳ್ಳೆ ಅತ್ತಿಗೆ ಬರ್ಬೇಕು!"

ಅವಳು ಸೌಟು ಹಿಡಿದೇ ಅಡುಗೆಮನೆಗೆ ಹೋದಳು. ಚೇತನ್ ತಲೆಯೆತ್ತಲಿಲ್ಲ.

ಸಂಜೆ ಬೀಳ್ಕೊಡಲು ಅವಳೂ ಗೇಟಿನವರೆಗೆ ಬಂದಳು.

"ನನ್ನ ಮಾತಿಗೆ ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

"ನೀವಂದಿದ್ದು ಪೂರ್ತಿ ಸುಳ್ಳಲ್ಲ." ಅವನ ದನಿ ತಗ್ಗಿತು. "ಮೊದಮೊದಲು ಅಮ್ಮಂಗೋಸ್ಕರ ಬತ್ತಿದ್ದೆ. ಆಮೇಲೆ ನಿಮ್ಮನ್ನ ನೋಡೋಕೂ ಬತ್ತಿದ್ದೆ. ಅದೇ ನನ್ನ ನಾಟಕ."

ಅವಳ ಕಣ್ಣು ತುಂಬಿ ಬಂತು. "ನಂಗೂ... ನಂಗೂ ನೀವೇ. ಆದ್ರೆ ಅಮ್ಮನಿಗೆ ಏನಂತ ಹೇಳೋದು? ವಾಸಿಯಾಗಲ್ಲ ಅಂದಿದ್ದಾರೆ ಡಾಕ್ಟ್ರು. ನಿಮ್ಮನ್ನ ಕಟ್ಕೊಂಡ್ರೆ ನಾನು ಅಮ್ಮನ ಮಗನನ್ನ ಇನ್ನೊಂದ್ಸಲ ಸಾಯಿಸಿದ ಹಾಗೆ!"

"ಹೇಳೋದು ಬ್ಯಾಡ."

"ಎಷ್ಟು ದಿನ?"

"ಅಮ್ಮ ಇರೋಗಂಟ. ಅವರು ನೂರು ವರ್ಷ ಇರ್ಲಿ."

ಅವಳು ಅಳುತ್ತಲೇ ಗೇಟು ತೆರೆದಳು.

"ಒಳಗೆ ನಾನು ಆಕರ್ಷ. ಇಲ್ಲಿಂದ ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಚೇತನ್," ಎಂದ ಅವನು.

"ಹತ್ತೇ ನಿಮಿಷದ ದಾರಿ..."

"ಹ್ಞೂಂ."

ಶ್ರೀಲಕ್ಷ್ಮಿ ಮೊದಲ ಬಾರಿಗೆ ಅವನ ಬೆರಳು ಹಿಡಿದಳು.

"ಹಾಗಾದ್ರೆ ಮೆಲ್ಲಗೆ ನಡೀರಿ."