ಕೊನೆಯ ಪುಟದ ಚುಕ್ಕಿಗಳು

"ಸ್ವೆಟರ್ ಒಳಗೆ ಏನಮ್ಮಾ ಅದು?"

ಲೈಬ್ರರಿ ಮೇಡಂ ಕೇಳಿದ್ದೇ ತಡ, ಪಿಟೀಲು ಬಚ್ಚಿಟ್ಟುಕೊಂಡಿದ್ದ ಪುಸ್ತಕ ಜಾರಿ ದೊಪ್ಪನೆ ನೆಲಕ್ಕೆ ಬಿತ್ತು.

ಪಿಟೀಲು ಐದನೇ ಕ್ಲಾಸಿನ ಹುಡುಗಿ. ಬಾಯಿ ತೆರೆದರೆ ಮುಚ್ಚುವುದೇ ಇಲ್ಲವೆಂದು ಅಣ್ಣ ಇಟ್ಟ ಹೆಸರು ಅದು.

ಬೆಳಿಗ್ಗೆ ಸಾಕ್ಸ್ ಹುಡುಕುವಾಗ ಅಣ್ಣನ ಹಾಸಿಗೆಯ ಕೆಳಗೆ ಈ ಪುಸ್ತಕ ಸಿಕ್ಕಿತ್ತು. ಲೈಬ್ರರಿಯದೇ, ಆದರೆ ತಾರೀಖಿನ ಸೀಲು ಇರಲಿಲ್ಲ. ಅಂದರೆ ಅಣ್ಣ ಕದ್ದು ತಂದಿದ್ದಾನೆ! ಈಚೆಗೆ ಅವನು ಫುಟ್‌ಬಾಲಿಗೂ ಹೋಗುತ್ತಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಿದ್ದ. ಶರ್ಟೆಲ್ಲ ಸಿಗರೇಟಿನ ವಾಸನೆ. ಇದರ ಮೇಲೆ ಕಳ್ಳ ಅಂತಲೂ ಹೆಸರು ಬಂದರೆ? ಯಾರಿಗೂ ಗೊತ್ತಾಗದ ಹಾಗೆ ಪುಸ್ತಕ ಇಟ್ಟುಬಿಡೋಣವೆಂದು ಅವಳು ಸ್ಕೂಲು ಬಿಟ್ಟೊಡನೆ ಓಡಿ ಬಂದಿದ್ದಳು.

"ನಾನೇ ಕದ್ದಿದ್ದು ಮೇಡಂ. ಬೇರೆ ಯಾರೂ ಅಲ್ಲ. ನಮ್ಮಣ್ಣ ಅಂತೂ ಅಲ್ಲವೇ ಅಲ್ಲ!"

ಮೇಡಂ ನಗು ತಡೆದುಕೊಂಡು ಪುಸ್ತಕ ಎತ್ತಿಕೊಂಡರು. ರಟ್ಟಿನ ಮೇಲೆ ದಪ್ಪ ಅಕ್ಷರಗಳಿದ್ದವು: 'ಸಿಗರೇಟು, ಕುಡಿತ, ಮಾತ್ರೆ: ಬಿಡಬೇಕು ಅನ್ಸುತ್ತೆ, ಆಗ್ತಿಲ್ಲ.'

"ಯಾರು ಅಂತ ನಾನು ಕೇಳಿದ್ನಾ? ಬಾ ಇಲ್ಲಿ."

ಕಿಟಕಿಯ ಪಕ್ಕದ ಮೂಲೆಯಲ್ಲಿ ಒಂದು ಸಣ್ಣ ಕಪಾಟಿತ್ತು. "ಇಲ್ಲಿಂದ ಯಾರು ಬೇಕಾದ್ರೂ ತಗೊಂಡು ಹೋಗಬಹುದು. ಕಾರ್ಡು ಬೇಡ, ಸೀಲು ಬೇಡ. ಹೆಸರು ಬರೆಸಿ ಅಂದ್ರೆ ದೊಡ್ಡ ಮಕ್ಕಳು ಹತ್ತಿರಾನೇ ಸುಳಿಯಲ್ಲ."

"ವಾಪಸ್ ಕೊಡದೇ ಹೋದ್ರೆ?"

ಮೇಡಂ ಪುಸ್ತಕದ ಕೊನೆಯ ಪುಟ ತೆರೆದರು.

ಪುಟದ ತುಂಬ ಚುಕ್ಕಿಗಳು! ಪೆನ್ಸಿಲಿನವು, ನೀಲಿ ಪೆನ್ನಿನವು, ಹಸಿರು ಸ್ಕೆಚ್ ಪೆನ್ನಿನದೊಂದು.

"ಓದಿದವರು ಯಾರೋ ಒಂದು ಚುಕ್ಕಿ ಇಟ್ಟಿದ್ರು. ನಾನು ಅಳಿಸಲಿಲ್ಲ. ಆಮೇಲೆ ಓದಿದವರೂ ಒಂದೊಂದು ಇಡ್ತಾ ಬಂದ್ರು. ಪುಸ್ತಕ ಪ್ರತಿ ಸಲಾನೂ ವಾಪಸ್ ಬಂತು."

ಪಿಟೀಲು ಎಣಿಸತೊಡಗಿದಳು. ನೂರ ಹತ್ತರ ಹತ್ತಿರ ಲೆಕ್ಕ ತಪ್ಪಿತು. ಊರಿಗೆಲ್ಲ ತನ್ನ ಅಣ್ಣನೊಬ್ಬನೇ ಹೀಗೆ ಅಂದುಕೊಂಡಿದ್ದಳಲ್ಲ!

"ಇಷ್ಟೊಂದು ಜನಾನಾ? ನಮ್ಮೂರಲ್ಲೇ?"

"ಹೂಂ. ಬಸ್ಸಲ್ಲಿ ನಿನ್ನ ಪಕ್ಕದಲ್ಲೇ ಕೂತಿರ್ತಾರೆ. ಮಾತಾಡಬೇಕು ಅನ್ಸಿದವರು ಶನಿವಾರ ಇಲ್ಲೇ ಮೇಲೆ ಮಹಡಿಗೆ ಹೋಗ್ತಾರೆ. ಅಲ್ಲಿ ಒಬ್ಬರು ಡಾಕ್ಟರಮ್ಮ ಇರ್ತಾರೆ. ಬೈಯಲ್ಲ, ಕೇಳಿಸ್ಕೋತಾರೆ."

ಅಷ್ಟರಲ್ಲಿ ಅವಳ ಕಣ್ಣು ಪುಸ್ತಕದ ನಡುವೆ ಇಣುಕುತ್ತಿದ್ದ ಬಸ್ ಟಿಕೆಟ್ಟಿನ ಮೇಲೆ ಬಿತ್ತು. ಗುರುತಿಗೆಂದು ಇಟ್ಟದ್ದು.

"ಅಯ್ಯೋ! ಕೊಡಿ ಮೇಡಂ, ಕೊಡಿ! ಅವನು... ಅಲ್ಲ, ಯಾರೋ ಇನ್ನೂ ಅರ್ಧಾನೇ ಓದಿದ್ದಾರೆ!"

ಮೇಡಂ ಟಿಕೆಟ್ಟು ಬೀಳದ ಹಾಗೆ ಪುಸ್ತಕ ಮುಚ್ಚಿ ಕೊಟ್ಟರು.

ದಾರಿಯುದ್ದಕ್ಕೂ ಪಿಟೀಲು ಎದುರು ಸಿಕ್ಕ ದೊಡ್ಡ ಹುಡುಗ ಹುಡುಗಿಯರನ್ನೆಲ್ಲ ಕಣ್ಣರಳಿಸಿ ನೋಡಿದಳು. ಸೈಕಲ್ಲಿನವನು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವಳು, ಗೋಡೆಗೊರಗಿ ನಿಂತವನು. ಹಸಿರು ಚುಕ್ಕಿ ಯಾರದು? ನೋಡಿದರೆ ತಿಳಿಯುವಂತಿರಲಿಲ್ಲ. ಮನೆಗೆ ಬಂದವಳೇ ಪುಸ್ತಕವನ್ನು ಇದ್ದಲ್ಲೇ ಇಟ್ಟಳು.

ನಾಲ್ಕು ದಿನದ ಮೇಲೆ ಊಟಕ್ಕೆ ಕೂತಾಗ ಅಣ್ಣ ತಟ್ಟೆ ನೋಡುತ್ತಲೇ ಕೇಳಿದ: "ಲೇ ಪಿಟೀಲು, ಶನಿವಾರ ಲೈಬ್ರರಿ ಎಷ್ಟು ಗಂಟೆಗೆ ತೆಗೀತಾರೆ?"

ಯಾಕೆ? ಓದಿ ಮುಗೀತಾ? ಮಹಡಿಗೆ ಹೋಗ್ತೀಯಾ? ನಾನೂ ಬರಲಾ? ಎಲ್ಲವೂ ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ಪಿಟೀಲು ಒಂದು ಲೋಟ ನೀರು ಗಟಗಟನೆ ಕುಡಿದು ಅವನ್ನೆಲ್ಲ ನುಂಗಿದಳು.

"ಹತ್ತು ಗಂಟೆಗೆ," ಎಂದಳು. ಅಷ್ಟೇ.

ಅಣ್ಣ ತಲೆಯೆತ್ತಿ ಅವಳ ಮುಖ ನೋಡಿದ. ಎಷ್ಟೋ ದಿನಗಳ ಮೇಲೆ ನೋಡಿದ.