ಅಪ್ಪನನ್ನು ಕೂರಿಸಿದವನು

"ಅಪ್ಪನನ್ನು ಬಿಡಿ! ಎಂತ ಮಾಡ್ತಾ ಇದ್ದೀರಿ ನೀವು?"

ಪೂಜಿತಾಳ ಕೂಗಿಗೆ ಠಾಣೆ ನಗರದ ಆ ಆಸ್ಪತ್ರೆಯ ಐಸಿಯು ಬೆಚ್ಚಿಬಿತ್ತು.

ಬಾಯಲ್ಲಿ ವೆಂಟಿಲೇಟರಿನ ನಳಿಕೆ ಇದ್ದ ಅವಳಪ್ಪ ಗುಣಪಾಲ ಶೆಟ್ಟರನ್ನು ತರುಣನೊಬ್ಬ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಿದ್ದ! ಪಕ್ಕದಲ್ಲಿ ನರ್ಸ್ ಜಯಶೀಲ ನಳಿಕೆ ಹಿಡಿದು ನಿಂತಿದ್ದಳು. ಅಪ್ಪನ ತಲೆ ವಾಲುತ್ತಿತ್ತು.

"ಗಾಬರಿ ಆಗಬ್ಯಾಡ್ರಿ. ನಾ ವಿಜಯಕುಮಾರ, ಫಿಸಿಯೋಥೆರಪಿಸ್ಟ್. ಬರೇ ಮಲಗೇ ಇದ್ರ ಮೈಯಾಗಿನ ಶಕ್ತಿ ಎಲ್ಲಾ ಹೋಗತೈತ್ರಿ..."

"ಉಸಿರಾಡ್ಲಿಕ್ಕೇ ಮಷಿನ್ ಬೇಕು ಅವರಿಗೆ! ಇನ್ನು ಮುಟ್ಬೇಡಿ!"

ಅವನು ಅಪ್ಪನನ್ನು ಮೆಲ್ಲಗೆ ಮಲಗಿಸಿ, ಹೊದಿಕೆ ಸರಿಮಾಡಿ ಹೊರಟುಹೋದ.

ತಾಯಿಯಿಲ್ಲದ ಪೂಜಿತಾಳಿಗೆ ಅಪ್ಪನೇ ಎಲ್ಲ. ಡೊಂಬಿವಲಿಯ ತಮ್ಮ ಹೋಟೆಲಿನಲ್ಲಿ ದಿನವಿಡೀ ನಿಂತೇ ಇರುತ್ತಿದ್ದ ಅಪ್ಪ ನ್ಯುಮೋನಿಯಾದಿಂದ ಹೀಗೆ ಮಲಗಿಬಿಟ್ಟಿದ್ದರು. ಮಹಾಪೆಯ ಆಫೀಸಿಗೆ ರಜೆ ಹಾಕಿ ಅವಳು ಇಲ್ಲೇ ಉಳಿದಿದ್ದಳು.

ಕೆಲವು ದಿನಗಳಲ್ಲಿ ಸೋಂಕು ಇಳಿಯಿತು. ಆದರೆ ಮಷಿನ್ ತೆಗೆಯಲು ಆಗಲಿಲ್ಲ.

"ಮೈ ಪೂರ್ತಿ ಸೋತಿದೆ. ಇನ್ನಾದರೂ ಅವರನ್ನು ಕೂರಿಸಲು ಬಿಡಿ," ಎಂದರು ಡಾಕ್ಟರು.

ಅಪ್ಪ ಕಷ್ಟಪಟ್ಟು ಬೆರಳೆತ್ತಿ ಮಂಚದ ಪಕ್ಕದ ಕುರ್ಚಿಯನ್ನು ತೋರಿಸಿದರು. ಅವರ ಕಣ್ಣು ತುಂಬಿತ್ತು.

'ಅಯ್ಯೋ... ಅಪ್ಪನಿಗೆ ಏನು ಬೇಕು ಅಂತ ನಾನು ಕೇಳಲೇ ಇಲ್ಲವಲ್ಲ!'

ಅವಳು ಕ್ಯಾಂಟೀನಿಗೆ ಓಡಿದಳು. ವಿಜಯಕುಮಾರ ಒಬ್ಬನೇ ಕೂತು ಅವಲಕ್ಕಿ ಪೋಹೆ ತಿನ್ನುತ್ತಿದ್ದ.

"ಆವತ್ತು ನಾನು ಹಾಗೆ ಕಿರುಚಬಾರದಿತ್ತು... ಸಾರಿ. ಬರ್ತೀರಾ?"

"ತಂದಿ ಸಲುವಾಗಿ ಅಂಜಿದ್ರಿ, ಅದರಾಗ ತಪ್ಪೇನೈತ್ರಿ? ನಾನಽ ಮೊದಲ ನಿಮಗ ತಿಳಿಸಿ ಹೇಳಬೇಕಾಗಿತ್ತು." ಅವನು ತಟ್ಟೆ ಸರಿಸಿ ಎದ್ದ. "ಆದ್ರ ನೀವೂ ಕೈ ಹಿಡೀಬೇಕು."

ಅವಳ ಕೆನ್ನೆ ಬಿಸಿಯಾಯಿತು.

"ನಿಮ್ಮ ತಂದಿ ಕೈಯ್ರೀ!" ಅವನೂ ಗಲಿಬಿಲಿಗೊಂಡ.

ಆ ಮಧ್ಯಾಹ್ನ ಅಪ್ಪನ ಒಂದು ಕೈ ಅವಳ ಕೈಯಲ್ಲಿ, ಬೆನ್ನು ಅವನ ತೋಳಲ್ಲಿ.

"ಬಲೆ ಶೆಟ್ರೇ, ಕುಲ್ಲುಲೆ!"

ಬನ್ನಿ, ಕೂತುಕೊಳ್ಳಿ ಎಂದು ಅವನು ತುಳುವಿನಲ್ಲಿ ಹೇಳಿದ್ದ! ಜಯಶೀಲಳ ಹತ್ತಿರ ಕಲಿತದ್ದಂತೆ. ನಳಿಕೆ ಇದ್ದರೂ ಅಪ್ಪನ ಮುಖದಲ್ಲಿ ನಗು ಮೂಡಿತು. ಪೂಜಿತಾಳಿಗೆ ಅಳು ತಡೆಯಲಾಗಲಿಲ್ಲ.

ಮಂಚದ ಅಂಚಿನಿಂದ ಕುರ್ಚಿಗೆ... ಕುರ್ಚಿಯಿಂದ ನಿಲ್ಲುವುದಕ್ಕೆ... ಅಷ್ಟರಲ್ಲಿ ನಳಿಕೆಯೂ ಹೊರಬಂತು. ಒರಟು ಸ್ವರದಲ್ಲಿ ಅಪ್ಪ ಮೊದಲು ಕೇಳಿದ್ದು, "ಹೋಟೆಲಲ್ಲಿ ಸಾಂಬಾರಿಗೆ ಬೆಲ್ಲ ಸರಿಯಾಗಿ ಹಾಕ್ತಾರಾ?"

ಮೂವರೂ ನಕ್ಕರು. ಆ ನಗುವಿನ ನಡುವೆ ಅವನು ತನ್ನನ್ನೇ ನೋಡುತ್ತಿದ್ದುದು ಪೂಜಿತಾಳಿಗೆ ತಿಳಿಯಿತು.

ಆದರೆ ಅಪ್ಪನನ್ನು ಮನೆಗೆ ಕರೆತಂದ ಮೇಲೆ ಅವನು ಫೋನ್ ಮಾಡಲೇ ಇಲ್ಲ. ಅವಳ ಮೆಸೇಜಿಗೆ ಬಂದದ್ದು, 'ತಂದಿಯವರು ದಿನಾ ನಡೀಲಿ' ಎಂಬ ಒಂದೇ ಸಾಲು.

'ಅವನಿಗೆ ನಾನು ಬರೀ ಪೇಶೆಂಟಿನ ಮಗಳು...' ಅವಳ ಮನಸ್ಸು ಮುದುಡಿತು.

ಬೇಸಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಹೋಟೆಲಿನ ಬಾಗಿಲಲ್ಲಿ ನಿಂತಿದ್ದ! ಗಲ್ಲಾಪೆಟ್ಟಿಗೆಯ ಹಿಂದೆ ನೆಟ್ಟಗೆ ನಿಂತಿದ್ದ ಅಪ್ಪ, "ಮಗಾ, ಯಾರು ಬಂದಿದ್ದಾರೆ ನೋಡು!" ಎಂದು ಕೂಗಿದರು.

"ಇಷ್ಟು ದಿನ ಎಲ್ಲಿದ್ರಿ? ನೆನಪೇ ಆಗ್ಲಿಲ್ವಾ?" ಪೂಜಿತಾ ಒಳಗಿನಿಂದ ಓಡಿಬಂದಳು.

"ದಿನಾ ಆಗ್ತಿತ್ರಿ. ಆದ್ರ ನಿಮ್ಮ ತಂದಿ ನನ್ನ ಪೇಶೆಂಟ್ ಇದ್ರು. ಆವಾಗ ಕೇಳಿದ್ರ ಉಪಕಾರದ ಭಾರಕ್ಕ ಹೂಂ ಅಂದೀರೇನೋ ಅಂತ ಅಂಜಿದೆ." ಅವನು ಉಸಿರೆಳೆದುಕೊಂಡ. "ಇನ್ನ ತೋರಿಸಾಕ ಬರೂದು ಬ್ಯಾಡ ಅಂತ ಡಾಕ್ಟರು ನಿನ್ನೆ ಅವ್ರಿಗೆ ಹೇಳ್ಯಾರಂತ. ಅದಕ್ಕ ಬಂದೆ. ನನ್ನ ಲಗ್ನ ಆಗ್ತೀರೇನ್ರಿ?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಪೇಪರು ನಗುವಿಗೆ ಅಲುಗುತ್ತಿತ್ತು!

"ಹೂಂ," ಎಂದಳು. "ಉಪಕಾರಕ್ಕಲ್ಲ ಮಾರಾಯ್ರೆ... ನೀವು ಬೇಕು ಅಂತ."

"ಪೂಜಿತಾ ಅವ್ರ..."

"ಪೂಜಿತಾ ಸಾಕು."

"ಪೂಜಿತಾ..."

"ಎಂತ?"

"ಏನಿಲ್ಲ... ಸುಮ್ನ ಕರೀಬೇಕನಸ್ತು."