ಕೆಳಗಿನ ಬೀದಿಯ ಹೊಗೆ

"ಈ ಬೀದೀಲಿ ಒಲೆ ಅಚ್ಚಬ್ಯಾಡ ಕಣವ್ವ," ಎಂದು ಅತ್ತೆ ಮಂಗಳಮ್ಮ ಬೆಳಗಿನಿಂದ ಮೂರನೇ ಸಲ ಅಂದಾಗ ಪವಿತ್ರ ನಕ್ಕುಬಿಟ್ಟಳು.

"ಹಾಲು ಉಕ್ಕಿಸ್ದೆ ಮನೆ ಸೇರ್ತಾರಾ ಅತ್ತೆ? ಮಾಟದ ಭಯಾನಾ? ಊರಬಾಗ್ಲಲ್ಲಿ ಪೊಲೀಸ್ ವ್ಯಾನಿದೆ, ಅದನ್ನೂ ಹಿಡ್ಕೊಂಡು ಹೋಗ್ತಾರೆ ಬಿಡಿ."

ನಾಲೆ ನೀರಿನ ಜಗಳದಲ್ಲಿ ಮೇಲಿನ ಬೀದಿಯವರು ಬೆಂಕಿ ಇಟ್ಟಾಗ, ಕೆಳಗಿನ ಬೀದಿಯ ಹನ್ನೊಂದು ಮನೆಯವರು ಉಟ್ಟ ಬಟ್ಟೆಯಲ್ಲೇ ನರಸೀಪುರ ದಾಟಿ ನಂಜನಗೂಡಿಗೆ ಓಡಿದ್ದರು. ಒಂಬತ್ತು ವರ್ಷವಾಗಿತ್ತು. ಹೊಡೆದಾಟ ಇನ್ನೂ ನಿಂತಿರಲಿಲ್ಲ. ಹೋದ ತಿಂಗಳೂ ಒಬ್ಬನ ತಲೆ ಒಡೆದಿತ್ತು. ಆದರೂ ಕಾರ್ಖಾನೆ ಬಳಿಯ ಶೀಟಿನ ಮನೆಗಳಲ್ಲಿ ಬದುಕಿ ಸಾಕಾದವರು, ಒಟ್ಟಿಗೆ ಹೋದರೆ ಉಳಿಯಬಹುದೆಂದು ಒಂದೇ ದಿನ, ಒಂದೇ ಮುಹೂರ್ತಕ್ಕೆ ವಾಪಸು ಬಂದಿದ್ದರು. ನಂಜನಗೂಡಿನಲ್ಲೇ ಹುಟ್ಟಿದ ಪವಿತ್ರ, ಗಂಡ ಮದನನ ಊರನ್ನು ಕಂಡದ್ದು ಅಂದೇ ಮೊದಲು.

ನಡುಮಧ್ಯಾಹ್ನ. ಗೋಡೆಗಳಲ್ಲಿ ಹಳೆಯ ಮಸಿಯ ವಾಸನೆ. ಹೊರಗೆ ವಾಲಗ. ಐದು ವರ್ಷದ ಮಗಳು ಮಾನ್ಯಾಳನ್ನು ಪಕ್ಕ ಕೂರಿಸಿಕೊಂಡು ಪವಿತ್ರ ಕಡ್ಡಿ ಗೀರಿದಳು.

ಸೌದೆ ಹೊತ್ತಿತು. ಬಂದದ್ದು ಸೌದೆಯ ಹೊಗೆಯಲ್ಲ. ಕೂದಲು ಸುಟ್ಟ ಕಮಟು. ಅದು ಮೇಲೇಳದೆ ನೆಲಕ್ಕಂಟಿ ಹರಿಯಿತು. ಮಗುವಿನ ಮೊಣಕಾಲು. ಎದೆ. ಮುಖ. ಒಲೆಯೊಳಗೆ ಯಾರೋ ಗೊಣಗಿದರು. ಹೆಂಗಸಿನ ದನಿ. ಅತ್ತೆಯ ದನಿ.

ಹಾಲು ಉಕ್ಕಿತು.

"ಅಮ್ಮಾ, ಕರೆಂಟ್ ಹೋಯ್ತಾ?"

ಕಿಟಕಿಯ ಬಿಸಿಲು ಮಾನ್ಯಾಳ ಮುಖದ ಮೇಲೇ ಬಿದ್ದಿತ್ತು. ರೆಪ್ಪೆ ಮಿಟುಕಲಿಲ್ಲ. ಕಣ್ಣುಗುಡ್ಡೆಗಳು ಪೂರಾ ಬೆಳ್ಳಗಾಗಿದ್ದವು.

ಬಾಗಿಲಲ್ಲಿ ಮಂಗಳಮ್ಮ ಕುಸಿದು ಕೂತರು.

"ನಾನೇ ಕಣವ್ವ ಮಾಟ ಮಾಡ್ಸಿದ್ದು. ಓಡೋ ದಿನ ಬೀದಿ ಬಾಯಲ್ಲಿ ಊತಿದ್ದೆ. ಮ್ಯಾಲಿನ ಬೀದಿಯೋರು ಬಂದು ನಮ್ಮ ಮನೆ ಸೇರ್ಕಂಡು ಒಲೆ ಅಚ್ಚುದ್ರೆ, ಅವರ ಮಕ್ಕಳ ಕಣ್ಣು ಓಗ್ಲಿ ಅಂತ."

"ತೆಗೀರಿ ಅದನ್ನ! ಈಗ್ಲೇ ತೆಗೀರಿ!"

"ಮುಂಜಾನೆಯಿಂದ ಅಗದೂ ಅಗದೂ ನೋಡ್ದೆ. ಸಿಗ್ನಿಲ್ಲ. ಮಾಡ್ಕೊಟ್ಟೋನೂ ಸತ್ತೋದ. ಯಾರ ಮುಂದೆ ಬಾಯಿ ಬಿಡ್ಲಿ? ಬಂದೋರು ನಾವೇ ಅಂತ ಅದಕ್ಕೇನು ಗೊತ್ತಾದದವ್ವ?"

"ಬೀದಿಗೆಲ್ಲಾನಾ ಅತ್ತೆ?"

ಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಪವಿತ್ರ ಮಗುವನ್ನೆತ್ತಿಕೊಂಡು ಬೀದಿಗೆ ಓಡಿದಳು. "ಹಚ್ಚಬೇಡಿ! ಒಲೆ ಆರ್ಸಿ!" ಗಂಟಲು ಹರಿಯಿತು. ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ವಾಲಗದವನೊಬ್ಬ ಅವಳತ್ತ ನೋಡಿ ನಕ್ಕ. ಹತ್ತು ಸೂರುಗಳಿಂದಲೂ ಹೊಗೆ ಏಳುತ್ತಿತ್ತು.

ಎದುರು ಮನೆಯಲ್ಲಿ ಒಂದು ಮಗು ಚೀರಿತು. ವಾಲಗ ನಿಂತಿತು. ಪಕ್ಕದ ಮನೆಯಲ್ಲಿ ಇನ್ನೊಂದು. ಆಮೇಲೆ ಅದರಾಚೆ.

"ಅವ್ವಾ, ಎಲ್ಲಿದ್ದೀಯವ್ವಾ?"